ಕಪ್ಪು ಮೊಟ್ಟೆ ಹುಡುಕಿದ ಮೇಷ್ಟ್ರು

ಬೆಳೆ ತಿನ್ನುವ ಹುಳುಗಳನ್ನು ಕೊಲ್ಲುವವರು ಬೇಕಾದಷ್ಟು ಜನರಿದ್ದಾರೆ; ಕೊಲ್ಲುವ ಮುನ್ನ ಅವುಗಳ ಯೋಗಕ್ಷೇಮ ವಿಚಾರಿಸುವವರು ನಮ್ಮ ಮೇಷ್ಟ್ರೊಬ್ಬರೇ. ಕೀಟ ನಿಯಂತ್ರಣದ ಕ್ಷೇತ್ರದಲ್ಲಿ ಮೂವತ್ತಾರು ವರ್ಷ ದುಡಿದು, ಕೀಟನಾಶಕ ಹೊಡೆಯುವ ಔಷಧಿಯವರಿಂದ ‘ಕಣಜದ ಪಕ್ಷದವರು’ ಎಂದೂ ಕೀಟದ ಶತ್ರುವಾದ ಕಣಜದ ಹುಳುವನ್ನು ಸಾಕುವವರಿಂದ ‘ಔಷಧಿಯ ಪಕ್ಷದವರು’ ಎಂದೂ ಸಮಾನವಾಗಿ ಬೈಸಿಕೊಂಡ ಹಿರಿಮೆ ಅವರದು. ಅವರು ತೋಟಕ್ಕೆ ಕಾಲಿಟ್ಟರೆ ಕಾಯಿಕೊರಕ ಹುಳುಗಳು ಎಲೆಯ ಮೇಲೆ ಸಾಲಾಗಿ ನಿಂತು ಹಾಜರಿ ಹೇಳುತ್ತಿದ್ದವು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಂಬದವರು ಹುಳುಗಳನ್ನೇ ಕೇಳಬಹುದು.

ಇಪ್ಪತ್ತೆರಡು ವರ್ಷಗಳ ಹಿಂದೆ ನಾನು ಕೀಟ ನಿಯಂತ್ರಣ ಕೇಂದ್ರಕ್ಕೆ ತಾತ್ಕಾಲಿಕ ಸಹಾಯಕನಾಗಿ ಸೇರಿದಾಗ ಅವರು ಅಲ್ಲಿ ಕಣಜ ಸಾಕುವ ಕೋಣೆಯ ಮುಖ್ಯಸ್ಥರು. ಸಾಸಿವೆಗಿಂತಲೂ ಸಣ್ಣದಾದ ಆ ಕಣಜ, ಬೆಳೆ ತಿನ್ನುವ ಕೀಟದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಮೊಟ್ಟೆ ಕಪ್ಪಾಗಿ, ಹುಳುವಿನ ಬದಲು ಕಣಜವೇ ಹೊರಬರುತ್ತದೆ. ಅಂಥ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ ಬೆಳೆಗಾರರಿಗೆ ಕೊಡುವುದು ನಮ್ಮ ಕೆಲಸ. ಆ ಸಲ ಟೊಮೆಟೊ ಬೆಳೆಯುವ ಅಕ್ಕ ಒಬ್ಬರಿಗೆ ಮೇಷ್ಟ್ರು ಮಾತು ಕೊಟ್ಟಿದ್ದರು: ಔಷಧಿ ಹೊಡೆಯಬೇಡಿ, ಗುರುವಾರ ಕಣಜ ತರುತ್ತೇನೆ.

ಬುಧವಾರ ಮೇಲಧಿಕಾರಿಗಳ ಭೇಟಿ ಇತ್ತು. ಕೋಣೆಯಲ್ಲಿ ಇರುವೆ ಸಾಲು ಕಂಡು, ಶುಚಿತ್ವದ ಮೇಲಿನ ಅಭಿಮಾನದಿಂದ ನಾನು ಕೀಟನಾಶಕ ಸಿಂಪಡಿಸಿದೆ. ಇರುವೆಗಳು ಸತ್ತವು. ಜೊತೆಗೆ ನಾಲ್ಕು ಲಕ್ಷ ಕಣಜಗಳೂ ಸತ್ತವು.

“ಯಾರ್ರೀ ಇದು ಮಾಡಿದ್ದು?” ಎಂದು ಅಧಿಕಾರಿಗಳು ಗುಡುಗಿದರು.

“ಕೋಣೆ ನಂದು ಸಾರ್. ಇರುವೆ ಬರೋ ಹಾಗೆ ಬಿಟ್ಟವನೂ ನಾನೇ,” ಎಂದರು ಮೇಷ್ಟ್ರು. ನನ್ನ ನೌಕರಿ ಉಳಿಯಿತು. ಸಿಂಪಡಿಸಿದ ಕೈ ನನ್ನದೆಂದು ಇಂದು, ಅವರ ನಿವೃತ್ತಿಯ ಈ ಅಭಿನಂದನ ಸಂಚಿಕೆಯಲ್ಲಿ, ಅಚ್ಚಿನಲ್ಲಿ, ಒಪ್ಪಿಕೊಳ್ಳುತ್ತಿದ್ದೇನೆ.

ಮರುದಿನ, ಗುರುವಾರ ಬೆಳಿಗ್ಗೆ, ನನ್ನ ಕಡೆ ತಿರುಗಿ, “ನಡಿಯಯ್ಯಾ, ಅಕ್ಕನ ಹತ್ರ ಹೋಗಿ ಬೈಸ್ಕೊಂಡು ಬರೋಣ,” ಎಂದರು.

ಅಕ್ಕ ಬೇಲಿಯ ಹತ್ತಿರವೇ ನಿಂತಿದ್ದರು. “ನಿಮ್ಮ ಮಾತು ಕೇಳಿ ಎಂಟು ದಿನ ಪಂಪು ಮುಟ್ಟಿಲ್ಲ ಮೇಷ್ಟ್ರೇ. ಪಕ್ಕದ ತೋಟದವ್ರು ನಗ್ತಿದಾರೆ. ಎಲ್ಲಿ ಕಣಜ?”

“ಸತ್ತೋದ್ವಮ್ಮಾ. ನಾವೇ ಕೊಂದ್ವಿ.”

“ಹುಳ ಬಿಟ್ಟು ಕಣಜ ಕೊಲ್ಲೋಕೆ ಸಂಬಳ ಕೊಡ್ತಾರಾ ನಿಮ್ಗೆ? ನನ್ನ ಬೆಳೆ ಹೋದ್ರೆ ಏನು ಗತಿ? ಸಂಜೆವರೆಗೂ ನೋಡ್ತೀನಿ. ಆಮೇಲೆ ಮನೇಲಿರೋ ಔಷಧಿಯೆಲ್ಲ ಬೆರೆಸಿ ಹೊಡೀತೀನಿ!”

ಮೇಷ್ಟ್ರು ಜೇಬಿನಿಂದ ಭೂತಗನ್ನಡಿ ತೆಗೆದು, ಮಂಡಿಯೂರಿ, ಎಲೆ ಎಲೆಯನ್ನೂ ಓದುತ್ತ ಹೊರಟರು. ಮೂಲೆಯ ಹನ್ನೆರಡು ಸಾಲುಗಳಲ್ಲಿ ಹುಳುಗಳು ಆಗಲೇ ಮೊಟ್ಟೆಯೊಡೆದು ಹೊರಬಂದಿದ್ದವು. ಉಳಿದ ಕಡೆ ಬಹುಪಾಲು ಮೊಟ್ಟೆಗಳು ಕಪ್ಪಾಗಿದ್ದವು! ಎಂಟು ದಿನ ಔಷಧಿ ಬೀಳದ ಆ ತೋಟಕ್ಕೆ, ಯಾರೂ ಕರೆಯದೆ, ಕಾಡು ಕಣಜಗಳು ತಾವೇ ಬಂದಿದ್ದವು.

ಮರಿಹುಳುವನ್ನು ಕೊಲ್ಲುವ, ಕಣಜಕ್ಕೆ ಹೆಚ್ಚು ತಾಗದ ಔಷಧಿಯನ್ನು ಅಳೆದು ಬೆರೆಸಿ, ಮೇಷ್ಟ್ರು ಪಂಪನ್ನು ತಾವೇ ಬೆನ್ನಿಗೇರಿಸಿದರು. “ನಾನು ಹೊಡೀತೀನಿ ಸಾರ್,” ಎಂದೆ. “ನೀನು ಈ ವಾರ ಹೊಡೆದಿದ್ದು ಸಾಕು,” ಎಂದರು. ಹನ್ನೆರಡು ಸಾಲು ಮುಗಿಸಿ ಪಂಪು ಇಳಿಸಿದರು. ಹದಿಮೂರನೆಯದಕ್ಕೆ ಒಂದು ಹನಿಯೂ ಬೀಳಲಿಲ್ಲ. ಇನ್ನೂರು ಕಪ್ಪು ಮೊಟ್ಟೆಗಳನ್ನು ಎಲೆಸಮೇತ ನನ್ನ ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬಂದೆವು. ನಮ್ಮ ಕೋಣೆಯ ಇಂದಿನ ಕಣಜಗಳೆಲ್ಲ ಅವುಗಳ ವಂಶವೇ.

ಕೊಯ್ಲಿನಲ್ಲಿ ನೂರಕ್ಕೆ ಆರು ಕಾಯಿ ಮಾತ್ರ ಹುಳುಕಾಗಿದ್ದವು. ಮುಂದಿನ ಬೆಳೆಗಾರರ ತರಬೇತಿಯಲ್ಲಿ ಕಣಜ ಸತ್ತದ್ದಕ್ಕೆ ಯಾರೋ ಮೇಷ್ಟ್ರನ್ನು ಗೇಲಿ ಮಾಡಿದಾಗ ಅಕ್ಕ ಎದ್ದು ನಿಂತರು: “ಮೇಷ್ಟ್ರು ಮಾತು ತಪ್ಪಿದ್ರು, ನಿಜ. ತಪ್ಪಿದ ದಿನವೇ ತೋಟಕ್ಕೆ ಬಂದು ಹೇಳಿದ್ರು. ನಿಮ್ಮ ಔಷಧಿ ಅಂಗಡಿಯವ್ರು ಯಾವತ್ತಾದ್ರೂ ಬಂದಿದಾರಾ?”

ಆ ವಂಶ ಈಗ ಎಂಟುನೂರನೆಯ ಪೀಳಿಗೆಯನ್ನು ದಾಟಿದೆ. ಇನ್ನೂ ಸಾವಿರ ಪೀಳಿಗೆಗಳನ್ನು ಪೂಜ್ಯ ಮೇಷ್ಟ್ರು ಅದೇ ಕಣ್ಣುಗಳಿಂದ, ಅದೇ ಮಂಡಿಗಳ ಮೇಲೆ ಕುಳಿತು ಕಾಣುವಂತಾಗಲಿ. ವಿಶ್ರಾಂತಿ ಪಡೆಯಿರಿ ಎಂದು ಹಾರೈಸುವ ಧೈರ್ಯ ನನಗಿಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೇಷ್ಟ್ರು ತೋಟಕ್ಕೆ ಬರಬೇಕೆಂದು ಅಕ್ಕ ಆಗಲೇ ಹೇಳಿ ಕಳಿಸಿದ್ದಾರೆ.