ಸಮುದ್ರದ ಹೆಣ

ಪಾಟಿಯ ಮೇಲೆ ಉಗುಳಿ ಅಂಗೈಯಿಂದ ಒರೆಸುತ್ತಿದ್ದ ಕಾಲವದು. ನೇಸರಗಿ ಸೀಮೆಯ ನಮ್ಮೂರ ಶಾಲೆಯಲ್ಲಿ ಊರಿನ ಮಕ್ಕಳು ಒಳಗೆ ಕುಳಿತು ಕಲಿಯುತ್ತಿದ್ದರು. ಮಾದರ ಕೇರಿಯ ನಾನೂ ನನ್ನ ಅಕ್ಕ ದುರ್ಗವ್ವನೂ ಹೊರಗಿನ ಕಟ್ಟೆಯ ಮೇಲೆ ಕುಳಿತು, ಕಿಟಕಿಯಿಂದ ಉದುರಿದಷ್ಟು ಅಕ್ಷರ ಹೆಕ್ಕಿಕೊಳ್ಳುತ್ತಿದ್ದೆವು. ಒಂದು ದಿನವಾದರೂ ಒಳಗೆ ಕೂರಬೇಕೆಂಬುದು ಅಕ್ಕನ ಹಟ.

ಆ ಸುಗ್ಗಿಯಲ್ಲಿ ಮಾಸ್ತರರು ಪಾಟಿ ಒರೆಸಲೆಂದು ಮುಂಬಯಿಯಿಂದ ಸ್ಪಂಜು ತಂದರು. ಜೋಳದ ರೊಟ್ಟಿಯ ಬಣ್ಣ, ಮೈತುಂಬ ತೂತು.

"ಇದು ಹತ್ತಿಯೇನ್ರಿ?" ಗೌಡರ ಮಗ ಬಸಪ್ಪ ಅದನ್ನು ಹಿಂಡುತ್ತ ಕೇಳಿದ.

"ಅಲ್ಲೋ. ಸಮುದ್ರದಾಗ ಬಂಡೆಗಲ್ಲಿಗೆ ಅಂಟಿಕೊಂಡು ಬೆಳಿಯೋ ಪ್ರಾಣಿ. ಸತ್ತ ಮ್ಯಾಲೆ ಉಳಿದ ಎಲುಬಿನ ಗೂಡು ಅಂತ ತಿಳಿ."

"ಅಯ್ಯಯ್ಯ, ಎಲುಬು!"

ಸ್ಪಂಜು ನೆಲಕ್ಕೆ ಬಿತ್ತು. ಮಕ್ಕಳು ಗೋಡೆಗೆ ಸರಿದರು. ಸುದ್ದಿ ಕೇಳಿ ಗೌಡರೇ ಬಂದರು.

"ಕೊರಳಾಗ ಲಿಂಗ ಕಟ್ಟಿದ ಹುಡುಗರ ಕೈಯಾಗ ಎಲುಬು ಕೊಡತೀರೇನ್ರಿ, ಮಾಸ್ತರ?" ಎಂದವರು ಕಟ್ಟೆಯತ್ತ ತಿರುಗಿದರು. "ಏ ದುರ್ಗಿ, ಒಳಗ ಬಾ."

ಅಕ್ಕನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ. ಪಾಟಿಯನ್ನು ಎದೆಗೊತ್ತಿಕೊಂಡು ಎದ್ದಳು.

"ಪಾಟಿ ಯಾಕ? ಅಲ್ಲೇ ಇಟ್ಟು ಬಾ. ಸತ್ತದ್ದು ಹೊರೂದು ನಿಮ್ಮ ಮಂದಿ ಕೆಲಸ ಹೌದಲ್ಲೇನ?"

"ಹಲಗಿ ಬಡೀರೋ, ಹೆಣ ಹೊಂಟೈತಿ!" ಬಸಪ್ಪ ಕೂಗಿದ. ಎಲ್ಲರೂ ನಕ್ಕರು. ಮಾಸ್ತರರು ಪುಸ್ತಕದಿಂದ ತಲೆಯೆತ್ತಲಿಲ್ಲ. ಅಕ್ಕ ಹೊಸ್ತಿಲು ದಾಟಿದಳು, ಸ್ಪಂಜೆತ್ತಿಕೊಂಡು ಹೊರಬಂದಳು. ಅವಳ ಹೆಜ್ಜೆ ಬಿದ್ದ ನೆಲವನ್ನು ಸೆಗಣಿಯಿಂದ ಸಾರಿಸಿದರು.

ಮನೆಯಲ್ಲಿ ಅವಳು ಅದನ್ನು ನೀರಿಗೆ ಅದ್ದಿದಳು. ನಾವೆಂದೂ ಕಾಣದ ನೀರಿನ ಉಪ್ಪುವಾಸನೆ ಗುಡಿಸಲಲ್ಲಿ ಹರಡಿತು.

"ಯವ್ವಾ, ಇದು ಉಬ್ಬಾಕ ಹತ್ತೇತಿ, ನೋಡು!"

"ತಾ ಸತ್ತೇನಿ ಅಂತ ಅದಕ್ಕ ಇನ್ನಾ ಗೊತ್ತಿಲ್ಲ, ಮಗಳ," ಎಂದಳು ಅವ್ವ, ರೊಟ್ಟಿ ಬಡಿಯುತ್ತಲೇ.

ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿದ್ದು ಅನ್ಯಾಯ. ಕಡಲ ಜೀವಿಯೊಂದಕ್ಕೂ ನಮ್ಮ ಕೇರಿಯ ಹೆಸರು ಹಚ್ಚಿದ್ದು ಅನ್ಯಾಯ. ಎಲ್ಲವನ್ನೂ ಬಲ್ಲ ಮಾಸ್ತರರು ಬಾಯಿ ಬಿಡದಿದ್ದುದು ಇವೆರಡಕ್ಕಿಂತ ಹಿರಿದಾದ ಅನ್ಯಾಯ.

ಮುಂದೆ ನಾನು ಧಾರವಾಡದ ಬೋರ್ಡಿಂಗಿನಲ್ಲಿ ಓದಿದೆ. ಇದನ್ನು ಬರೆಯುವಷ್ಟು ಅಕ್ಷರ ನನಗೆ ದಕ್ಕಿತು. ಈಗ ಆ ಶಾಲೆಯಲ್ಲಿ ಎಲ್ಲರೂ ಒಳಗೇ ಕೂರುತ್ತಾರಂತೆ. ಅಕ್ಕ ಮಾತ್ರ ಮರಳಿ ಅತ್ತ ಸುಳಿಯಲಿಲ್ಲ, ಪಾಟಿ ತರಲೂ ಹೋಗಲಿಲ್ಲ. ಅವಳು ತನ್ನ ಹೆಸರನ್ನು ಅರ್ಧ ಬರೆದಿದ್ದ ಆ ಪಾಟಿ ಕಟ್ಟೆಯ ಮೇಲೆಯೇ ಬಿದ್ದಿತ್ತು. ಅದನ್ನು ಒರೆಸಲು ಸ್ಪಂಜು ಬೇಕಾಗಲಿಲ್ಲ. ಮೊದಲ ಮಳೆಯೇ ಸಾಕಾಯಿತು.