ಬಾಣಂತಿ ಕೋಣೆಯಲ್ಲಿ ಬರೆದ ದೆವ್ವದ ಕತೆ

ನಾನು ದೆವ್ವದ ಕತೆ ಬರೆಯುತ್ತಿದ್ದೆ ಎಂದರೆ ಈಗಿನವರು ನಗುತ್ತಾರೆ. ನಗಲಿ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಜಯನಗರದ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೀದಿದೀಪದ ಕಂಬ ನೆಟ್ಟಿದ್ದರು, ದೀಪ ಇನ್ನೂ ಬಂದಿರಲಿಲ್ಲ. ಹಿಂದಿನ ಸೈಟುಗಳೆಲ್ಲ ಲೇಔಟ್ ಆಗುವ ಮೊದಲು ಸೊಪ್ಪಿನ ತೋಟವಾಗಿದ್ದವಂತೆ. ತೋಟ ಹೋಗಿ, ಎತ್ತು ಕಟ್ಟಿ ನೀರೆತ್ತುತ್ತಿದ್ದ ಅದರ ಕಪಿಲೆ ಬಾವಿ ಮಾತ್ರ ಕಟ್ಟೆಯಿಲ್ಲದೆ ಬಾಯಿ ತೆರೆದುಕೊಂಡು ಉಳಿದಿತ್ತು. ಅಂಥ ಜಾಗದಲ್ಲಿ ಮನೆ ಮಾಡಿದವಳು ಪ್ರೇಮಕತೆ ಬರೆಯಲು ಸಾಧ್ಯವೇ?

ಒಂದು ವಾರಪತ್ರಿಕೆಯಲ್ಲಿ ನನ್ನ ಕತೆಗಳು ಗಂಡಸಿನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಗೃಹಿಣಿಯ ಹೆಸರಿನಲ್ಲಿ ಹಬ್ಬದ ಅಡುಗೆ ಬರಬಹುದು, ದೆವ್ವ ಬರಬಾರದು ಎಂದು ಸಂಪಾದಕರೇ ತೀರ್ಮಾನಿಸಿದ್ದರು. ಹಾಳು ಬಂಗಲೆ, ಹಿಮ್ಮುಖ ಪಾದದ ಮೋಹಿನಿ ಇವೆಲ್ಲ ನನಗೆ ಬೇಕಿರಲಿಲ್ಲ. ಒಬ್ಬ ಗುಮಾಸ್ತನ ಹೆಂಡತಿ ಅನ್ನ ಬಸಿಯುತ್ತಿರುತ್ತಾಳೆ. ಪಕ್ಕದಲ್ಲಿ ಯಾರೋ ನಿಂತಂತಾಗುತ್ತದೆ. ಅವಳು ತಿರುಗಿ ನೋಡುವುದಿಲ್ಲ, ಕೆಲಸ ಬಿದ್ದಿದೆ. ಮರುದಿನವೂ ನೋಡುವುದಿಲ್ಲ. ಆಮೇಲಾಮೇಲೆ ಅದು ನಿಂತಿರುವುದೇ ಅವಳಿಗೆ ಅಭ್ಯಾಸವಾಗಿಬಿಡುತ್ತದೆ. ಅಲ್ಲಿಂದ ನನ್ನ ಕತೆ ಶುರು. ಯಾವ ತಪ್ಪೂ ಮಾಡದ, ಯಾವ ಸಮಾಧಿಯನ್ನೂ ಅಗೆಯದ ಹೆಂಗಸು ಹೀಗೆ ಸಾರು ಕುದಿಸುತ್ತಲೇ ಕತ್ತಲೆಯೊಳಕ್ಕೆ ನಡೆದುಹೋಗುವುದನ್ನು ಬರೆಯುವುದರಲ್ಲಿ ನನಗೆ ಕೈ ಪಳಗಿತ್ತು. ಅದರ ಬಗ್ಗೆ ಜಂಬವೂ ಇತ್ತು.

ಆ ವರ್ಷ ನನ್ನ ನಾದಿನಿ ಚೊಚ್ಚಲ ಹೆರಿಗೆಗೆಂದು ಬಂದಳು. ತವರು ಎಂದರೆ ನಮ್ಮ ಮನೆಯೇ. ಮಾವನವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಯಲ್ಲಿದ್ದರು. ನಾದಿನಿ ಮದುವೆಗೆ ಮುಂಚೆ ಮಹಾ ಬಾಯಿಬಡುಕಿ. ನನ್ನ ಕತೆ ಓದಿ, "ಅತ್ತಿಗೆ, ನಿಮ್ಮ ದೆವ್ವಕ್ಕಿಂತ ನಮ್ಮಮ್ಮನೇ ವಾಸಿ, ಮೊದ್ಲೇ ಹೇಳಿ ಹೆದರಿಸ್ತಾರೆ" ಎನ್ನುತ್ತಿದ್ದವಳು. ಗಂಡುಮಗು ಹುಟ್ಟಿತು. ಮನೆಯಲ್ಲಿ ಸಕ್ಕರೆ ಹಂಚಿದೆವು.

ಬಾಣಂತನದ ಕಟ್ಟುಪಾಡುಗಳಲ್ಲಿ ನಮ್ಮ ಅತ್ತೆ ಯಾವ ಪೊಲೀಸಿಗೂ ಕಡಿಮೆಯಿರಲಿಲ್ಲ. ನಡುಮನೆಯ ಪಕ್ಕದ ಕೋಣೆಯ ಕಿಟಕಿ ಮುಚ್ಚಿದರು. ತಲೆಗೆ ಬಟ್ಟೆ ಬಿಗಿದರು, ಶೀತಗಾಳಿ ಹೋಗದಿರಲೆಂದು ಕಿವಿಗೆ ಹತ್ತಿ ತುರುಕಿದರು, ತಲೆದಿಂಬಿನ ಕೆಳಗೆ ಕಬ್ಬಿಣದ ಚೂರಿಟ್ಟರು. ಕಣ್ಣಿಗೆ ಆಯಾಸವೆಂದು ಓದುವಂತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಬಾಣಂತಿಯನ್ನು ಒಂಟಿಯಾಗಿ ಬಿಡಬಾರದು, ಬಿಟ್ಟರೆ ಗಾಳಿ ಸೋಕುತ್ತದೆ. ಊಟವಾದ ಮೇಲೆ ಸಂಜೆಯವರೆಗೆ ಕಾವಲು ಕೂರುವ ಪಾಳಿ ನನ್ನದು. ನನಗೆ ಬರೆಯಲು ಸಿಗುತ್ತಿದ್ದುದೂ ಅದೇ ಹೊತ್ತು. ದೆವ್ವ ಬಾರದಿರಲಿ ಎಂದು ಕೂರಿಸಿದವಳು ತೊಡೆಯ ಮೇಲೆ ರಟ್ಟಿಟ್ಟುಕೊಂಡು ಅಲ್ಲೇ ದೆವ್ವವನ್ನು ಬರೆಯುತ್ತಿದ್ದಳು. ಅತ್ತೆಗೆ ಗೊತ್ತಾದಾಗ ಆದ ರಾಮಾಯಣ ಮುಂದೆ ಹೇಳುತ್ತೇನೆ.

ಆಗ ನಾನು ಬರೆಯುತ್ತಿದ್ದ ಧಾರಾವಾಹಿಯಲ್ಲಿ ಒಬ್ಬ ಬಾಣಂತಿಯಿದ್ದಳು. ಕಣ್ಣೆದುರಿಗೇ ಇಷ್ಟೆಲ್ಲ ಸಾಮಗ್ರಿ ಬಿದ್ದಿರುವಾಗ ಯಾವ ಬರಹಗಾರ್ತಿ ಬಿಟ್ಟಾಳು? ಅವಳಿಗೆ ಹಿತ್ತಲ ಬಾವಿಯಿಂದ ಯಾರೋ ಕರೆದಂತೆ ಕೇಳಿಸುತ್ತದೆ. ದಿನದಿನಕ್ಕೂ ಕರೆ ಹತ್ತಿರವಾಗುತ್ತದೆ, ಮನೆಯವರ ದನಿ ದೂರವಾಗುತ್ತದೆ. ಕೊನೆಗೆ ಅವಳು ಬಾವಿಗೆ ಇಳಿದುಹೋಗುತ್ತಾಳೆ. ಈ ಕೊನೆಯನ್ನು ಸಂಪಾದಕರಿಗೆ ಮೊದಲೇ ಹೇಳಿ ಒಪ್ಪಿಸಿದ್ದೆ.

ಒಂದು ಮಧ್ಯಾಹ್ನ ಬರೆದದ್ದನ್ನು ಬಾಯಲ್ಲೇ ಗುನುಗಿಕೊಳ್ಳುತ್ತಿದ್ದೆ. ಗೋಡೆಗೆ ಮುಖ ಮಾಡಿ ಮಲಗಿದ್ದ ನಾದಿನಿ ಹೊರಳಿದಳು. ಕಿವಿಯ ಹತ್ತಿ ಕಿತ್ತು ಕೈಯಲ್ಲಿ ಹಿಡಿದುಕೊಂಡಳು.

"ಜೋರಾಗಿ ಓದಿ ಅತ್ತಿಗೆ."

ಓದಿದೆ. ಹೆರಿಗೆಯಾದ ಮೇಲೆ ಅವಳು ತಾನಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಷ್ಟು ದಿನ ತಟ್ಟೆ ಇಟ್ಟರೆ ತುತ್ತು ಮುರಿಯುತ್ತಿದ್ದಳು, ಎತ್ತಿಕೊಟ್ಟರೆ ಹಾಲು ಕುಡಿಸುತ್ತಿದ್ದಳು, ಮತ್ತೆ ಗೋಡೆಗೆ ತಿರುಗುತ್ತಿದ್ದಳು. ಮಗು ಅತ್ತರೆ ಅತ್ತೆಯೋ ನಾನೋ ಓಡಬೇಕು. ಆಯಾಸ ಎಂದುಕೊಂಡಿದ್ದೆವು.

"ಮಗು ಅತ್ತಾಗ ಅವಳಿಗೆ ಏನನ್ಸುತ್ತೆ?" ಎಂದು ಕೇಳಿದಳು.

"ಅದನ್ನಿನ್ನೂ ಯೋಚಿಸಿಲ್ಲ ಕಣೆ."

"ಪಕ್ಕದ ಮನೇದು ಅತ್ತಹಾಗೆ ಅನ್ಸುತ್ತೆ. ಯಾರಾದ್ರೂ ಬಂದು ಎತ್ಕೊಂಡು ಹೋಗ್ಬಾರ್ದಾ ಅನ್ಸುತ್ತೆ. ಹಾಗೆ ಬರೀರಿ."

ಬರೆದೆ. ಸಂಪಾದಕರು ಆ ಕಂತು ಮೈ ಜುಮ್ಮೆನಿಸುವಂತಿದೆ ಎಂದರು. ನನಗೂ ಹಾಗೇ ಅನ್ನಿಸಿತ್ತು, ಬೇರೆ ಕಾರಣಕ್ಕೆ. ದಿನವೂ ಅವಳು ಹತ್ತಿ ಕಿತ್ತು ಕಾಯುತ್ತಿದ್ದಳು, ದಿನವೂ ಒಂದೊಂದು ಮಾತು ಕೊಡುತ್ತಿದ್ದಳು. ಅವಳಿಗೆ ನಿದ್ದೆ ಬರಲ್ಲ ಅತ್ತಿಗೆ. ಅನ್ನ ಮಣ್ಣು ತಿಂದಹಾಗಿರುತ್ತೆ. ತಾನಿಲ್ದಿದ್ರೆ ಎಲ್ಲರಿಗೂ ಹಗುರ ಅನ್ಸುತ್ತೆ. "ನನಗೆ" ಎಂದು ಒಂದು ಸಲವೂ ಹೇಳಲಿಲ್ಲ. ಇಷ್ಟು ವರ್ಷ ನಾನು ಕಟ್ಟಿ ಮಾರಿದ ಕತ್ತಲೆ ಎಂಥ ಆಟಿಕೆ ಎಂದು ಆ ಕೋಣೆಯಲ್ಲಿ ತಿಳಿಯಿತು. ಇವಳು ನಿಜವಾಗಿ ಅದರೊಳಗಿದ್ದಳು. ಅಲ್ಲಿಂದ ಹೊರಕ್ಕೆ ಅವಳಿಗಿದ್ದ ಕಿಂಡಿ ನನ್ನ ಕತೆಯೊಂದೇ.

ಅತ್ತೆಗೆ ಹೇಳಿದೆ. "ಇವಳನ್ನ ದೊಡ್ಡ ಡಾಕ್ಟರಿಗೆ ತೋರಿಸ್ಬೇಕು, ಮನಸ್ಸು ಸರಿಯಿಲ್ಲ."

"ಮೆಲ್ಲಗೆ ಮಾತಾಡು! ಹುಚ್ಚಾಸ್ಪತ್ರೆಗೆ ಹೋಗಿಬಂದೋಳು ಅಂದ್ರೆ ಅವರ ಮನೇಲಿ ವಾಪಸ್ಸು ಕರ್ಸಿಕೊಳ್ತಾರಾ? ನನ್ನ ಮಗಳ ಬಾಳು ಹಾಳ್ಮಾಡ್ಬೇಡ."

ಯಜಮಾನರಿಗೆ ಹೇಳಿದರೆ, "ಹೆಂಗಸರ ವಿಷಯ, ಅಮ್ಮನಿಗೆ ಗೊತ್ತಿರುತ್ತೆ" ಎಂದು ಸೈಕಲ್ಲು ಹತ್ತಿ ಫ್ಯಾಕ್ಟರಿಗೆ ಹೋದರು. ಕುರುಡ ಕುರುಡನಿಗೆ ದಾರಿ ತೋರಿಸಿದ ಹಾಗಾಯಿತು ನಮ್ಮ ಮನೆ.

ನನಗೆ ಉಳಿದಿದ್ದು ಕತೆಯೊಂದೇ. ಅದರ ಕೊನೆಯನ್ನು ಬದಲಿಸಿದೆ. ಸಂಪಾದಕರು ಏನಾದರೂ ಅಂದುಕೊಳ್ಳಲಿ ಎಂದು ಕೂತು ಬರೆದೆ. ಬಾಣಂತಿಯ ಕಿವಿಗೆ ಮಗುವಿನ ಅಳು ಬೀಳುತ್ತದೆ, ಹಾಲು ಉಕ್ಕುತ್ತದೆ, ದೆವ್ವ ಹೋಗುತ್ತದೆ, ಅವಳು ಓಡಿಬಂದು ಮಗುವನ್ನು ಎದೆಗೆ ಅವಚಿಕೊಳ್ಳುತ್ತಾಳೆ. ದನಿಯೇರಿಸಿ ಓದಿದೆ, ಕಡೆಯ ಸಾಲಿಗೆ ನನಗೇ ಕಣ್ಣು ತುಂಬಿತು.

ನಾದಿನಿ ನನ್ನನ್ನೇ ನೋಡಿದಳು. "ಹಾಗಾದ್ರೆ ಅವಳೂ ನನ್ನಂಥೋಳಲ್ಲ" ಎಂದಳು. ಹತ್ತಿಯನ್ನು ತಾನೇ ಕಿವಿಗೆ ತುರುಕಿಕೊಂಡು ಗೋಡೆಗೆ ತಿರುಗಿದಳು. ಆಮೇಲೆ ನಾನೇನು ಓದಿದರೂ ಹೊರಳಲಿಲ್ಲ.

ಅಷ್ಟರಲ್ಲಿ ಅತ್ತೆ ತಮ್ಮ ದಾರಿ ಹಿಡಿದಿದ್ದರು. ಅರೆಕೆರೆ ಕಡೆಯ ಮಂತ್ರವಾದಿಯೊಬ್ಬನನ್ನು ಕರೆಸಿದರು. ಅವನು ಬೇವಿನ ಸೊಪ್ಪಿನಲ್ಲಿ ಅವಳನ್ನು ಬಡಿದ, ಅವಳು ಅಲುಗಾಡಲಿಲ್ಲ. ಪೆಟ್ಟಿಗೆ ಅಳದ ಹೆಂಗಸನ್ನು ಕಂಡು ಅವನಿಗೇ ಹೆದರಿಕೆಯಾಯಿತೋ ಏನೋ, ಮಗುವನ್ನು ಅವಳ ಹತ್ತಿರ ಬಿಡಬೇಡಿ, ಈ ಕೋಣೆಯಲ್ಲಿ ಯಾರೋ ದೆವ್ವವನ್ನು ಕೂಗಿ ಕರೆದಿದ್ದಾರೆ ಎಂದ. ಅತ್ತೆಯ ಕಣ್ಣು ನನ್ನ ರಟ್ಟಿನ ಮೇಲೆ ಬಿತ್ತು.

ಮುಸ್ಸಂಜೆಯಲ್ಲಿ ಅಸ್ತು ದೇವತೆಗಳು ಓಡಾಡುತ್ತಾರೆ, ಕೆಟ್ಟ ಮಾತಾಡಿದರೆ 'ಅಸ್ತು' ಅಂದುಬಿಡುತ್ತಾರೆ ಎಂದು ನಮ್ಮಲ್ಲಿ ಮಕ್ಕಳ ಬಾಯಿ ಮುಚ್ಚಿಸುತ್ತಾರೆ. "ದೀಪ ಹಚ್ಚೋ ಹೊತ್ತಿನ ತನಕ ಬಾಣಂತಿ ಪಕ್ಕ ಕೂತ್ಕೊಂಡು ಬಾವಿ, ಸಾವು ಅಂತ ಬರೀತೀಯಾ?" ಎಂದರು ಅತ್ತೆ. "ದೇವತೆಗಳು ಅಸ್ತು ಅಂದ್ಬಿಟ್ರಲ್ಲೇ. ನೀನೇ ಕಣೆ ಕರೆದೋಳು." ಕಾಗದಗಳನ್ನೆಲ್ಲ ಬಚ್ಚಲೊಲೆಗೆ ಹಾಕಿದರು. ನನ್ನನ್ನು ಆ ಕೋಣೆಯ ಹೊಸ್ತಿಲು ತುಳಿಯಬೇಡವೆಂದರು. ನಾನು ಓದಿದವಳು, ಇಂಥದ್ದನ್ನು ನಂಬದವಳು. ಆದರೂ ಆ ಮಾತು ಮುಳ್ಳು ನಾಟಿದ ಹಾಗೆ ಒಳಗೆ ಕೂತುಬಿಟ್ಟಿತು. ಪಾತ್ರೆ ಉಜ್ಜುವಾಗ, ಅಕ್ಕಿ ಆರಿಸುವಾಗ, ನಾನೇ ಕರೆದೆನೇ ಎಂದು ಕೇಳಿಕೊಳ್ಳುತ್ತಿದ್ದೆ. ಕೇಳಿಕೊಳ್ಳುತ್ತಿರುವಾಗ ಪಕ್ಕದಲ್ಲಿ ಯಾರೋ ನಿಂತಂತಾಗುತ್ತಿತ್ತು. ನಾನು ತಿರುಗಿ ನೋಡುತ್ತಿರಲಿಲ್ಲ.

ಕಾವಲು ಅತ್ತೆಯ ಪಾಲಿಗೆ ಬಂತು. ವಯಸ್ಸಾದ ಜೀವ, ಮಗುವಿನ ರಾತ್ರಿಯ ಗೋಳೂ ಅವರದೇ. ಒಂದು ದಿನ ಮಟಮಟ ಮಧ್ಯಾಹ್ನ ನಾನು ಹಪ್ಪಳ ಒಣಹಾಕಿ ಒಳಬಂದಾಗ ಅತ್ತೆ ಗೋಡೆಗೊರಗಿ ತೂಕಡಿಸುತ್ತಿದ್ದರು, ಮಗು ಅವರ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಹಾಸಿಗೆ ಖಾಲಿ. ಹಿತ್ತಲ ಬಾಗಿಲು ತೆರೆದಿತ್ತು.

ನಾನು ಕೂಗಲಿಲ್ಲ. ಕೂಗಿದರೆ ಅವಳು ಬೆಚ್ಚಿಯಾಳು ಎನ್ನುವಷ್ಟು ಬುದ್ಧಿ ಎಲ್ಲಿಂದ ಬಂತೋ. ಬರಿಗಾಲಲ್ಲಿ ಖಾಲಿ ಸೈಟುಗಳ ನಡುವೆ ಓಡಿದೆ. ಕಪಿಲೆ ಬಾವಿಯ ಅಂಚಿನ ಚಪ್ಪಡಿಯ ಮೇಲೆ ಅವಳು ಕಾಲು ಇಳಿಬಿಟ್ಟು ಕೂತಿದ್ದಳು. ತಲೆಗೆ ಬಿಗಿದ ಬಟ್ಟೆ ಹಾಗೇ ಇತ್ತು. ನನ್ನ ಕತೆಯ ಕಡೆಯ ಕಂತನ್ನು ಯಾರೋ ಹಾಗೇ ತಂದು ಬಿಸಿಲಿಗಿಟ್ಟ ಹಾಗಿತ್ತು. ಹಿಡಿದೆಳೆಯೋಣವೆಂದರೆ ಕೈಗೆ ಎಟುಕುವಷ್ಟು ಹತ್ತಿರ ಹೋಗುವ ಧೈರ್ಯವಿಲ್ಲ. ಒಂದು ಮಾರು ದೂರದಲ್ಲಿ ನಾನೂ ಚಪ್ಪಡಿಯ ಮೇಲೆ ಕೂತೆ.

ಅವಳು ತಿರುಗಲಿಲ್ಲ. "ಅತ್ತಿಗೆ, ನಂಗೆ ಓದಿ ಹೇಳಿದ್ದು ಸುಳ್ಳು ಕೊನೆ ಅಲ್ವಾ? ಮೊದಲು ನೀವಂದ್ಕೊಂಡಿದ್ದೇನು?"

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಬಾವಿಗೆ ಇಳೀತಾಳೆ ಅಂದ್ಕೊಂಡಿದ್ದೆ."

"ಯಾರೂ ಬರಲ್ವಾ?"

"ಇಲ್ಲ."

"ಯಾಕೆ?"

"ಬರೀವಾಗ ನಂಗೆ ಹೊಳೀಲಿಲ್ಲ ಕಣೆ."

ಅವಳು ನೀರಿನ ಕಡೆ ಬಗ್ಗಿ ನೋಡಿದಳು. ಆಮೇಲೆ ಚಿಕ್ಕ ಹುಡುಗಿಯ ಹಾಗೆ, "ಯಾರಾದ್ರೂ ಬರಬೇಕಿತ್ತು ಅತ್ತಿಗೆ" ಎಂದಳು.

"ಬಂದಿದೀನಲ್ಲ" ಎಂದೆ. ಅಳುತ್ತಲೇ ಸರಿದು ಸರಿದು ಅವಳ ಪಕ್ಕಕ್ಕೆ ಹೋಗಿ ಸೆರಗು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

ಆವತ್ತು ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಜಟಕಾ ತರಿಸಿ ಅವಳನ್ನು ಕೂರಿಸಿದೆ. ಅತ್ತೆ ಗೇಟಿನ ತನಕ ಬಂದು ಎದೆ ಬಡಿದುಕೊಂಡರು, ಮಗಳ ಬಾಳು ಮುಳುಗಿಸಿದೆ ಎಂದರು. "ಬಾಳು ಆಮೇಲೆ ನೋಡ್ಕೊಳ್ಳೋಣ, ಮೊದ್ಲು ಮಗಳು ಬದುಕ್ಲಿ" ಎಂದು ಮೊದಲ ಸಲ ಅತ್ತೆಯ ಮೇಲೆ ದನಿಯೆತ್ತಿದೆ. ಮನಸ್ಸಿನ ಕಾಯಿಲೆ ನೋಡುವ ಆಸ್ಪತ್ರೆಯಲ್ಲಿ ಅವಳನ್ನು ಸೇರಿಸಿಕೊಂಡರು. ಹೆರಿಗೆಯ ನಂತರ ಕೆಲವರಿಗೆ ಹೀಗಾಗುತ್ತದೆ, ಹೊತ್ತಿಗೆ ತಂದಿರಿ ಎಂದರು ಡಾಕ್ಟರು. ವಾಸಿಯಾಗುತ್ತದೆಯೇ ಎಂದು ಕೇಳಿದರೆ, ನೋಡೋಣ ಎಂದರು.

ಆ ನೋಡೋಣ ಎಂಬ ಮಾತಿನ ಮೇಲೆ ನಾವು ಬದುಕಿದೆವು. ಅವಳ ಗಂಡನ ಮನೆಯವರಿಗೆ ಸುದ್ದಿ ಹೋಯಿತು, ಅವರು ಬರುವುದನ್ನು ನಿಲ್ಲಿಸಿದರು. ಅತ್ತೆ ನನ್ನೊಡನೆ ಮಾತು ಬಿಟ್ಟರು. ನಾನು ಬರೆಯುವುದನ್ನು ಬಿಟ್ಟೆ. ಕೊನೆಯ ಕಂತು ಬಾರದೆ ಸಂಪಾದಕರೇ ಏನೋ ಬರೆದು ಬಾಣಂತಿಯನ್ನು ಬಾವಿಗೆ ಇಳಿಸಿದರು. ಓದುಗರು ಬಹಳ ಮೆಚ್ಚಿಕೊಂಡರಂತೆ. ಬಾಟಲಿ ಹಾಲು ಕುಡಿದು ಮಗು ಬೆಳೆಯುತ್ತಿತ್ತು. ಭೇಟಿಗೆ ಹೋದಾಗಲೆಲ್ಲ ನಾದಿನಿ ಜಗಲಿಯ ಬೆಂಚಿನ ಮೇಲೆ ನೆಲ ನೋಡುತ್ತಾ ಕೂತಿರುತ್ತಿದ್ದಳು. ಮಗು ಹೇಗಿದೆ ಎಂದು ಒಂದು ದಿನವೂ ಕೇಳಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಯಾರ ಮುಖವನ್ನೂ ನೋಡದೆ ಕಿಟಕಿಯಾಚೆ ನೋಡುತ್ತಿದ್ದೆ. ಇವಳು ಉಳಿದಳೇ, ಅಥವಾ ಬಾವಿಯಿಂದ ಮೈಯನ್ನಷ್ಟೇ ಎತ್ತಿತಂದೆನೇ ಎಂಬ ಯೋಚನೆ ನನ್ನನ್ನು ಅರೆಯುತ್ತಿತ್ತು.

ಕಾರ್ತಿಕದ ಒಂದು ಬೆಳಗ್ಗೆ ಡಾಕ್ಟರು ಮಗುವನ್ನು ಕರೆತರಲು ಹೇಳಿದರು. ಚಳಿಗಾಳಿ ಬೀಸುತ್ತಿತ್ತು, ನಾನು ಅವಸರದಲ್ಲಿ ಎತ್ತಿಕೊಂಡು ಹೊರಟಿದ್ದೆ. ಜಗಲಿಯಲ್ಲಿ ಅವಳೆದುರು ನಿಂತೆ. ಅವಳು ನೆಲದಿಂದ ಕಣ್ಣೆತ್ತಿ ನನ್ನನ್ನು ನೋಡಿದಳು, ಮಗುವನ್ನು ನೋಡಿದಳು. ಕೈ ಚಾಚಲಿಲ್ಲ. ಇನ್ನು ತಿರುಗಿಕೊಂಡು ಹೋಗುವುದೇ ಎಂದುಕೊಳ್ಳುವಷ್ಟರಲ್ಲಿ ಅವಳ ಹುಬ್ಬು ಗಂಟಿಕ್ಕಿತು.

"ಇದೇನತ್ತಿಗೆ, ಈ ಗಾಳೀಲಿ ಹಸುಗೂಸನ್ನ ಬರೀ ತಲೇಲಿ ಕರ್ಕೊಂಡ್ಬಂದಿದೀರಾ? ಒಂದು ಕುಲಾವಿ ಹಾಕ್ಬಾರ್ದಾ? ಕೊಡಿ ಇಲ್ಲಿ."