ಬೈಯಲಿಲ್ಲ, ಒಂದೇ ಸ್ಟಾರ್

...ಇಲ್ಲ, ಬಲಗೈ ಇರಬೇಕು. ಎಡಗೈ ಎಂದು ಬರೆದು ಹೊಡೆದುಹಾಕಿದೆ. ಮೊಣಕೈಯವರೆಗೆ ಜೋಳದ ಹಿಟ್ಟು ಮೆತ್ತಿದ, ಮಣಿಕಟ್ಟಿನ ಹತ್ತಿರ ಹಂಚು ತಾಗಿ ಸುಟ್ಟ ಕಲೆಯಿದ್ದ, ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ಬಿಗಿಮಾಡಿಕೊಂಡಿದ್ದ ಆ ಕೈ ನನ್ನ ಕಣ್ಣೆದುರು ಎಡಗೈಯಾಗಿಯೇ ನಿಂತಿದೆ. ಆದರೆ ಎಡಗೈಯಲ್ಲಿ ರೊಟ್ಟಿ ಬಡಿಯುವ ಹೆಂಗಸನ್ನು ನಾನು ಕುಷ್ಟಗಿಯಲ್ಲಿ ಕಂಡಿಲ್ಲ. ನನ್ನ ನೆನಪಿನಲ್ಲಿ ಉಳಿದಿರುವುದು ಅವಳ ಕೈಯಲ್ಲ, ವಿಡಿಯೋದ ಕೈ. ಅವತ್ತು ಫೋನಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದಿದ್ದೆ. ಅದು ಕನ್ನಡಿಯ ಹಾಗೆ ಎಡವನ್ನು ಬಲ ಮಾಡುತ್ತದೆ, ಬಲವನ್ನು ಎಡ. ಅವಳನ್ನು ಎಂದೂ ನೋಡದವರೆಲ್ಲ ನೋಡಿದ್ದು ಆ ತಪ್ಪು ಕೈಯನ್ನು. ವರ್ಷಗಟ್ಟಲೆ ಅವಳೆದುರು ಕೂತು ಉಂಡ ನಾನೂ ಈಗ ಅವರ ಸಾಲಿಗೆ ಸೇರಿದ್ದೇನೆ. ಆದ್ದರಿಂದ ಇಲ್ಲಿ ಬರೆದದ್ದನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುವುದು ಒಳ್ಳೆಯದು.

ಅವಳು ಕುಷ್ಟಗಿಯ ಹಳೇ ರಸ್ತೆಯ ಖಾನಾವಳಿಯ ಅವ್ವ. ಖಾನಾವಳಿಗೆ ಹೆಸರಿರಲಿಲ್ಲ, ಬೋರ್ಡೂ ಇರಲಿಲ್ಲ. ಎದುರಿಗೇ ನನ್ನ ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ ಎಲ್ಲಕ್ಕೂ ಊರಿನವರ ಮುಖ ದೊಡ್ಡದು ಮಾಡಿಕೊಡುವವನು ನಾನು. ಒಂದು ಬೋರ್ಡು ಮಾಡಿಕೊಡುತ್ತೇನೆ ಎಂದಾಗ, "ಬೋರ್ಡ್ ಓದಿ ಯಾರ ಹೊಟ್ಟಿ ತುಂಬೈತ್ರಿ?" ಎಂದು ಕೇಳಿದ್ದಳು. ಒಳಗೆ ಬೆಂಚುಗಳು, ಮೂಲೆಯಲ್ಲಿ ಒಲೆ, ಬಾಗಿಲ ಪಕ್ಕ ಗಲ್ಲಾ ಪೆಟ್ಟಿಗೆಯ ಹಿಂದೆ ಕಣ್ಣು ಮುಚ್ಚಿ ಕೂತ ಅವಳ ಗಂಡ. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಯಜಮಾನಿಕೆ ಯಾರದೆಂದು ಎಲ್ಲರಿಗೂ ಗೊತ್ತಿತ್ತು.

ಅಲ್ಲಿ ರೊಟ್ಟಿಯ ಜೊತೆ ಬೈಗುಳವನ್ನೂ ಬಡಿಸುತ್ತಿದ್ದಳು. ಪಕ್ಕದ ಗೊಬ್ಬರದಂಗಡಿಯವನು ದಿನವೂ ಬರುವವನು. ಅವನಿಗೆ, "ರೊಟ್ಟಿ ಮುರ್ಯಾಕ ಎರಡು ಕೈ ಬೇಕೇನ್ಲೇ ನಿನಗ? ಹತ್ತಿಕಟ್ಟಗಿ ಮುರ್ಯಾಕತ್ತೀಯೇನು?" ಪಲ್ಯ ಖಾರ ಎಂದವನಿಗೆ, "ಹಾಲು ಕುಡಿಯೋ ಕೂಸು ಬಂದೈತಿ, ಯಾರರ ತೊಟ್ಟಿಲಾ ಕಟ್ಟ್ರಿ!" ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬೈಯದ ದಿನವೇ ಗಲ್ಲಾದ ಹತ್ತಿರ ಬಗ್ಗಿ, "ಅವ್ವಗ ಆರಾಮಿಲ್ಲೇನ್ರಿ?" ಎಂದು ಕೇಳಿ ಹೋಗುತ್ತಿದ್ದರು.

ನನಗೆ ಮಾತ್ರ, "ಬರ್ರಿ ಫ್ಲೆಕ್ಸಿನವರ, ಕುಂದರ್ರಿ. ಇನ್ನೊಂದು ಹಾಕ್ಲೇನ್ರಿ?"

ನಾನು ತುಮಕೂರು ಕಡೆಯವನು. ಎಷ್ಟು ವರ್ಷ ಉಂಡರೂ ಈ ಮರ್ಯಾದೆ ತಪ್ಪಲಿಲ್ಲ. ಒಮ್ಮೆ ಬೇಕೆಂದೇ ಎರಡೂ ಕೈಯಲ್ಲಿ ರೊಟ್ಟಿ ಹರಿದೆ. ಇನ್ನೊಮ್ಮೆ ಮೊಸರಿನಲ್ಲಿ ಕಲಸಿ, ಉಂಡೆ ಮಾಡಿ, ಮುದ್ದೆಯ ಹಾಗೆ ನುಂಗಿದೆ. ಬೆಂಚಿನವರೆಲ್ಲ ಉಸಿರು ಹಿಡಿದು ಅವಳ ಕಡೆ ನೋಡಿದರು. ಅವಳು ಮೆತ್ತಗೆ, "ನಿಮ್ಮ ಕಡಿ ಹಂಗ ಉಣ್ತಾರೇನ್ರಿ? ಉಣ್ರಿ, ಉಣ್ರಿ," ಎಂದಳು. ಅಷ್ಟು ಅವಮಾನ ನನಗೆ ಯಾವ ಬೈಗುಳದಿಂದಲೂ ಆಗುತ್ತಿರಲಿಲ್ಲ.

ಕಾರಣವನ್ನು ಅವಳೇ ಒಮ್ಮೆ ಹೇಳಿದ್ದಳು. "ಗುರ್ತಿಲ್ಲದವರನ್ನ ಬೈದ್ರ ಜಗಳಾ ಆಗತೈತ್ರಿ. ಗುರ್ತಿದ್ದವರನ್ನ ಬೈದ್ರ ಊಟಾ ಆಗತೈತಿ." ಗುರ್ತು ಅಂದರೆ ಮುಖಪರಿಚಯವಲ್ಲ. ಯಾವ ಊರು, ಯಾರ ಮನೆ, ನಮಗೆ ಎಲ್ಲಿಂದ ಬೀಗರು ಎಂಬ ಲೆಕ್ಕ. ಅದರ ಉಸ್ತುವಾರಿ ಯಜಮಾನರದು. ಊರು, ಮನೆತನ ಹೇಳಿದರೆ ಸಾಕು, ಕಣ್ಣು ತೆರೆಯದೆಯೇ, "ಯಲಬುರ್ಗಾದ ಕಡಿಂದ ಬರತೈತಿ," ಎಂದು ದಾರಿ ತೋರಿಸುತ್ತಿದ್ದರು. ನನಗಾಗಿಯೂ ಒಮ್ಮೆ ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ಆಮೇಲೆ ತೆರೆದು, ಕೆಟ್ಟ ಸುದ್ದಿ ಹೇಳುವ ಡಾಕ್ಟರರ ಹಾಗೆ, "ತುಮಕೂರು ಭಾಳ ದೂರ ಐತ್ರಿ," ಎಂದರು.

ಅಷ್ಟರಲ್ಲಿ ಹೆದ್ದಾರಿ ಊರ ಹೊರಗೆ ಸರಿಯಿತು. ಅದರ ಜೊತೆ ಲಾರಿ, ಬಸ್ಸು, ಮಧ್ಯಾಹ್ನದ ಹಸಿವು ಎಲ್ಲವೂ ಸರಿದವು. ಬೈಪಾಸಿನಲ್ಲಿ ಬಣ್ಣದ ದೀಪದ ಫ್ಯಾಮಿಲಿ ಹೋಟೆಲ್ ಎದ್ದಿತು. ಅವ್ವನ ಬೆಂಚುಗಳಲ್ಲಿ ಗೊಬ್ಬರದಂಗಡಿಯವನು, ನಾನು, ಇನ್ನೊಬ್ಬಿಬ್ಬರು ಉಳಿದೆವು. ಗಂಗಾವತಿಗೆ ಕೊಟ್ಟಿದ್ದ ಮಗಳು ಬಂದು, "ಸಾಕು ಬಿಡವ್ವ. ಒಲಿ ಆರಿಸಿ ನಮ್ಮನಿಗೆ ಬಂದುಬಿಡ್ರಿ ಇಬ್ಬರೂ," ಎಂದಳು. ಪ್ರೀತಿಯಿಂದಲೇ ಹೇಳಿದ್ದು. ಅವ್ವನಿಗೆ ಮಾತ್ರ ಅದು ಗಡೀಪಾರಿನ ಆಜ್ಞೆ.

"ಗಂಗಾವತ್ಯಾಗ ಮುಂಜಾನಿ ಅನ್ನ, ಮಧ್ಯಾನ ಅನ್ನ, ಸಂಜಿಗೂ ಅನ್ನ. ಅಲ್ಲಿ ನನ್ನ ಕೈ ಏನ್ ಮಾಡಬೇಕ್ರಿ, ಫ್ಲೆಕ್ಸಿನವರ?" ಎಂದು ನನ್ನನ್ನು ಕೇಳಿದಳು. ಕೊನೆಗೆ ತಾಯಿ ಮಗಳು ಒಂದು ಮಾತಿಗೆ ಬಂದರು. ಯುಗಾದಿಯೊಳಗೆ ಬೆಂಚು ತುಂಬದಿದ್ದರೆ ಗಂಗಾವತಿ.

ಆ ಹೊತ್ತಿಗೆ ನಾನು ಫ್ಲೆಕ್ಸಿನ ಜೊತೆ ಅಂಗಡಿಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪೇಜು ನೋಡಿಕೊಳ್ಳುವ ಕೆಲಸವನ್ನೂ ಹಿಡಿದಿದ್ದೆ. ಗಂಗಾವತಿಯ ಒಂದು ರೈಸ್ ಮಿಲ್ಲು, ಭಾಗ್ಯನಗರದ ಒಂದು ಸೀರೆ ಅಂಗಡಿ. ಕೊಪ್ಪಳದಲ್ಲಿ ಒಂದು ದಿನದ ತರಬೇತಿಗೆ ಹೋಗಿ ಬ್ರ್ಯಾಂಡ್ ಕಟ್ಟುವ ಮೂರು ಸೂತ್ರ ಬಾಯಿಪಾಠ ಮಾಡಿ ಬಂದಿದ್ದೆ. ದಿನವೂ ಏನಾದರೂ ಹಾಕು. ನಿನ್ನ ಮುಖ ತೋರಿಸು. ಕೇಳಿದವರಿಗೆಲ್ಲ ಉತ್ತರ ಕೊಡು. ಅವ್ವನಿಗೂ ಒಂದು ಪೇಜು ತೆರೆದೆ. 'ಎಲ್ಲರ ಅವ್ವನ ರೊಟ್ಟಿ' ಎಂದು ಹೆಸರಿಟ್ಟೆ.

"ಎಲ್ಲಾರಿಗೂ ಅವ್ವ ಆಗಾಕ ನಾ ಏನ್ ಊರಮ್ಮೇನ್ರಿ?" ಎಂದಳು. ಹೆಸರು ಹಾಗೇ ಉಳಿಯಿತು.

ಮೊದಲ ಸೂತ್ರದ ಪ್ರಕಾರ ಕಂಚಿನ ತಾಟು ತಂದೆ. ರೊಟ್ಟಿ ಮಡಚಿಟ್ಟು, ಈರುಳ್ಳಿಯ ಪಕ್ಕ ಒಂದು ಚೆಂಡುಹೂವು ಇಟ್ಟು, ಹಿಂದೆ ಕೊಳಲಿನ ನಾದ ಬಿಟ್ಟೆ. ಅವ್ವ ಫೋನನ್ನು ದೂರ ಹಿಡಿದು ನೋಡಿ, "ಇದು ಉಣ್ಣೂದೋ, ದೇವರಿಗೆ ಎಡಿ ಹಿಡಿಯೂದೋ?" ಎಂದಳು. ಲೈಕುಗಳು ಬಂದವು. ಮಗಳದು, ಮಿಲ್ಲಿನದು, ಸೀರೆ ಅಂಗಡಿಯದು. ಮಿಲ್ಲು, ಸೀರೆ ಅಂಗಡಿ ಎರಡರಿಂದಲೂ ಒತ್ತಿದವನು ನಾನೇ. "ಲೈಕ್ ಮಾಡಿದವರು ಉಂಡರೇನ್ರಿ?" ಎಂದು ಅವಳು ಕೇಳಿದ ಪ್ರಶ್ನೆಯನ್ನು ಆ ತರಬೇತಿಯಲ್ಲಿ ಯಾರೂ ಕೇಳಿರಲಿಲ್ಲ.

ಮೂರನೇ ಸೂತ್ರ ಅವಳಿಗೆ ಹಿಡಿಸಿತು. ಉತ್ತರ ಅವಳದು, ಒಂದೇ ಬೆರಳಲ್ಲಿ ಒತ್ತುವವರು ಯಜಮಾನರು. 'ರೇಟ್ ಎಷ್ಟು?' ಎಂದವರಿಗೆ, 'ನಿಮ್ಮದು ಯಾವೂರು?' 'ಪಾರ್ಸಲ್ ಇದೆಯಾ?' ಎಂದವರಿಗೆ, 'ನೀವು ಯಾರ ಪೈಕಿ?' ಯಾರೋ ಬರೀ ಹೃದಯದ ಚಿತ್ರ ಹಾಕಿದ್ದರು. ಅದಕ್ಕೆ, 'ಯಾಕ್ರಿ?'

ಉಳಿದದ್ದು ಮುಖ. "ನಾ ಹೆಂಗ ಕಾಣ್ತೀನಿ ನನಗ ಕಾಣಬೇಕು," ಎಂದು ಹಟ ಹಿಡಿದಳು. ಹಾಗಾಗಿ ಪರದೆಯನ್ನು ಅವಳ ಕಡೆ ತಿರುಗಿಸಿ, ಮುಂದಿನ ಕ್ಯಾಮೆರಾ ಹಾಕಿ, ಫೋನನ್ನು ಒಂದು ಕೈಯಲ್ಲಿ ಚಾಚಿ ಹಿಡಿದೆ. ಫೋನಿನ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಗೊಬ್ಬರದಂಗಡಿಯವನು. ಇಬ್ಬರ ತಾಟಿನಲ್ಲೂ ರೊಟ್ಟಿ. ಅವನೂ ತನ್ನ ಫೋನಿನಲ್ಲಿ ಯಾರಿಗೋ ಯೂರಿಯಾ ಬಂದಿಲ್ಲ ಎಂದು ಹೇಳುತ್ತಿದ್ದ. ಅವ್ವ ಸೆರಗು ಸರಿಮಾಡಿಕೊಂಡಳು. ಪರದೆಯಲ್ಲಿ ತನ್ನನ್ನು ನೋಡಿ ಬಳೆ ಸರಿಸಿದಳು. ಸುಮ್ಮನೆ ರೊಟ್ಟಿ ಬಡಿದಳು. ಆಮೇಲೆ ತಟ್ಟನೆ ತಲೆಯೆತ್ತಿ, ಹಿಟ್ಟಿನ ಕೈ ಝಾಡಿಸಿ:

"ಏ ಮಂಗ್ಯಾ! ರೊಟ್ಟಿ ಆರಾಕತ್ತೈತಿ. ಆ ಫೋನ್ ಇಟ್ಟು ಮೊದಲ ಉಣ್ಣಬಾರದಾ? ಫೋನೇನ್ ನಿನ್ನ ಹಡದೈತೇನು?"

"ಹ್ಞೂಂ ಅವ್ವಾ," ಎಂದ ಗೊಬ್ಬರದಂಗಡಿಯವನು. ನಾನೂ ಫೋನು ಇಳಿಸಿದೆ. ಸಂಜೆ ಅಷ್ಟನ್ನೇ ಕತ್ತರಿಸಿ ಹಾಕಿದೆ. ಕೊಳಲಿಲ್ಲ, ಹೂವಿಲ್ಲ.

ಅದು ಎಲ್ಲೆಲ್ಲಿ ಹೋಯಿತೋ. ಇಟಗಿಯ ಗುಡಿ ನೋಡಲು ಬಂದವರು ಕಾರು ತಿರುಗಿಸಿಕೊಂಡು ಕುಷ್ಟಗಿಗೆ ಬಂದರು. ಹೊಸಪೇಟೆಯಿಂದ ಬಂದರು. ಬೆಂಚು ತುಂಬಿತು. ಬಂದವರು ಫೋನನ್ನು ತಂಬಿಗೆಗೆ ಒರಗಿಸಿ, ಎರಡೂ ಕೈಯಲ್ಲಿ ರೊಟ್ಟಿ ಹರಿದು, ಪಲ್ಯ ಖಾರ ಎಂದು ಕೂಗಿ, ಆಸೆಯಿಂದ ಅವಳ ಮುಖ ನೋಡುತ್ತಿದ್ದರು. ಅವ್ವ, "ಬರ್ರಿ. ಸಾವಕಾಶ ಉಣ್ರಿ. ಮೊಸರು ಹಾಕ್ಲೇನ್ರಿ?" ಎನ್ನುತ್ತಿದ್ದಳು.

ಪೇಜಿನಲ್ಲಿ ದೂರು ಶುರುವಾದವು. 'ಊಟ ಚೆನ್ನಾಗಿದೆ. ಬೈಯಲಿಲ್ಲ. ಒಂದೇ ಸ್ಟಾರ್.' ಇನ್ನೊಬ್ಬರು, 'ಫ್ಯಾಮಿಲಿ ಜೊತೆ ಹೋಗಿದ್ದೆವು. ತುಂಬಾ ಗೌರವದಿಂದ ನೋಡಿಕೊಂಡರು. ಇದು ಮೋಸ.' ವಾರ ಕಳೆಯುವಷ್ಟರಲ್ಲಿ ಬೆಂಚಿನ ಒಂದು ತುದಿ ಮತ್ತೆ ಖಾಲಿ ಕಾಣತೊಡಗಿತು. ಯುಗಾದಿ ಹತ್ತಿರ ಬರುತ್ತಿತ್ತು.

"ಅವ್ವಾರೇ, ಒಂದೆರಡು ಮಾತು ಬೈದುಬಿಡಿ," ಎಂದು ಕೈ ಮುಗಿದೆ. "ಗಂಗಾವತಿ ನೆನೆಸ್ಕೊಳ್ಳಿ."

"ಯಾರಂತ ಬೈಲ್ರಿ? ಹೆಸರಿಲ್ಲ, ಊರಿಲ್ಲ. ಮಂದೀ ಮಕ್ಕಳನ್ನ ಮಂಗ್ಯಾ ಅನ್ನಾಕ ನನಗೇನು ಹಕ್ಕೈತಿ?"

ಮಾರನೇ ದಿನದಿಂದ ಅವಳೇ ದಾರಿ ಹುಡುಕಿಕೊಂಡಳು. ಬೈಸಿಕೊಳ್ಳಬೇಕಾದರೆ ಮೊದಲು ಗುರ್ತು ಹತ್ತಬೇಕು. ಬೆಂಗಳೂರಿನಿಂದ ಬಂದೆ ಎಂದು ಗತ್ತಿನಿಂದ ಹೇಳಿದ ಕನ್ನಡಕದ ಯುವಕನೊಬ್ಬನನ್ನು ಅವಳು ಹಿಡಿದದ್ದು ಹೀಗೆ.

"ಅದಕ್ಕ ಮೊದಲ?"

"ಗಂಗಾವತಿ."

"ಅದಕ್ಕೂ ಮೊದಲ?"

"ನಮ್ಮಜ್ಜಂದು ಹುಲಿಹೈದರ."

ಅವ್ವ ಗಲ್ಲಾದ ಕಡೆ ತಿರುಗಿ, "ಕೇಳಿದ್ರೇನು?" ಎಂದಳು. ಯಜಮಾನರು ಕಣ್ಣು ಮುಚ್ಚಿಕೊಂಡೇ ಅಜ್ಜನ ಹೆಸರು, ಮನೆಯ ಗುರುತು ಕೇಳಿದರು. ಇಡೀ ಬೆಂಚು ಊಟ ನಿಲ್ಲಿಸಿ ಕಾಯಿತು. "ನಿಮ್ಮ ಇಟಗಿ ಅಕ್ಕನ ಬೀಗರ ಪೈಕಿ," ಎಂದರು.

ಅವ್ವ ಕೈ ಒರೆಸಿಕೊಂಡಳು. ನೀರು ಕುಡಿದಳು. "ಏನಪಾ ದೊಡ್ಡ ಮನಷ್ಯಾ! ನಿಮ್ಮಜ್ಜಿ ಮಣಕಾಲ ಹಿಡಕೊಂಡು ಕಟ್ಟಿ ಮ್ಯಾಲೆ ಕುಂತು ದಾರಿ ನೋಡ್ತಾಳ. ನೀ ಬೈಸ್ಕೊಳ್ಳಾಕ ಇಲ್ಲಿಗೆ ಕಾರು ಮಾಡ್ಕೊಂಡು ಬಂದೀಯಾ? ಹುಲಿಹೈದರಕ್ಕ ಹೋಗಲೇ, ಆಕಿ ಪುಕ್ಕಟ ಬೈತಾಳ!"

ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಅವನ ಗೆಳೆಯರು ಹಾಕಿಕೊಳ್ಳಲಿಲ್ಲ. ಆ ವಿಡಿಯೋ ನೋಡಿದ ಮೇಲೆ ಜನ ಬಾಗಿಲಲ್ಲೇ ಅಜ್ಜನ ಊರು ಹೇಳಿಕೊಂಡು ಒಳಗೆ ಬರತೊಡಗಿದರು. ಕೆಲವರು ಬರುವ ಮೊದಲು ಮನೆಗೆ ಫೋನು ಮಾಡಿ ವಂಶಾವಳಿ ಕೇಳಿಕೊಂಡು ಬರುತ್ತಿದ್ದರು. ಗುರ್ತು ಹತ್ತದವರು ಮೊಸರು ಕಲಸಿಕೊಂಡು, ಮುಖ ಸಣ್ಣದು ಮಾಡಿಕೊಂಡು ಉಣ್ಣುತ್ತಿದ್ದರು. ಅವರ ಸಂಕಟ ನನಗೆ ಗೊತ್ತಿತ್ತು. ಬೈಪಾಸಿನ ಹೋಟೆಲಿನವರು ಸಂಬಳ ಕೊಟ್ಟು ಬೈಯಲು ಒಬ್ಬ ಹೆಂಗಸನ್ನು ಇಟ್ಟರು. ಎರಡು ದಿನದಲ್ಲೇ ಅಲ್ಲಿ ಕುರ್ಚಿ ಮುರಿದವು.

ಯುಗಾದಿ ಬಂತು, ಹೋಯಿತು. ಗಂಗಾವತಿಯ ಮಾತನ್ನು ಯಾರೂ ಎತ್ತಲಿಲ್ಲ.

ಇದು ನನ್ನಿಂದಾಯಿತು ಎಂದು ಊರಲ್ಲಿ ಹೇಳುತ್ತಾರೆ. ಅದರಿಂದ ನನಗೆ ಹತ್ತಾರು ಪೇಜುಗಳ ಕೆಲಸ ಸಿಕ್ಕಿತು, ಇವತ್ತಿನ ನನ್ನ ಊಟ ಅದರದೇ. ಆದರೆ ಅವತ್ತು ನಾನು ಮಾಡಿದ್ದು ಫೋನು ಹಿಡಿದದ್ದಷ್ಟೇ. ನನಗೆ ಆಮೇಲೆಯೂ "ಬರ್ರಿ ಫ್ಲೆಕ್ಸಿನವರ" ತಪ್ಪಲಿಲ್ಲ.

ಕಳೆದ ಮಳೆಗಾಲದ ಕೊನೆಗೆ ಅವ್ವ ಹಾಸಿಗೆ ಹಿಡಿದಳು. ಆಸ್ಪತ್ರೆ ಗಂಗಾವತಿಯಲ್ಲಿತ್ತು, ಹಾಗಾಗಿ ಮಗಳ ಮನೆಗೇ ಹೋಗಬೇಕಾಯಿತು. ನೋಡಲು ಹೋದಾಗ ಹಿಟ್ಟಿಲ್ಲದ ಆ ಕೈಯ ಗುರುತೇ ನನಗೆ ಹತ್ತಲಿಲ್ಲ. "ಊಟಾ ಆತೇನ್ರಿ?" ಎಂದು ಕೇಳಿದಳು. ಅಲ್ಲೇ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಕೇಳಿ ಕೇಳಿ ಮೊಸರನ್ನ ಹಾಕಿಸಿಕೊಂಡಳು ಎನ್ನುತ್ತಾಳೆ ಮಗಳು. "ಆಕಿ? ಅನ್ನಾ? ಸಾಧ್ಯನ ಇಲ್ಲ," ಎನ್ನುತ್ತಾರೆ ಯಜಮಾನರು. ನಾನು ಎದುರಿಗೆ ಯಾರಿರುತ್ತಾರೋ ಅವರನ್ನು ನಂಬುತ್ತೇನೆ.

ಒಲೆ ಆರಲಿಲ್ಲ. ಮಗಳೇ ಗಂಡನನ್ನು ಒಪ್ಪಿಸಿ ಕುಷ್ಟಗಿಗೆ ಬಂದಳು. ಈಗ ಅಲ್ಲಿ ಅನ್ನವೂ ಸಿಗುತ್ತದೆ.

ಮೊನ್ನೆ ಉಂಡು ಎದ್ದಾಗ ಯಜಮಾನರು ಗಲ್ಲಾದಿಂದ ಹೇಳಿದರು, "ನಿಮ್ದೊಂದು ಗುರ್ತು ಹುಡುಕಿದ್ಲ್ರಿ ಆಕಿ."

"ನಂದಾ? ಯಾವ ಕಡೆಯಿಂದ?"

ಅವರು ಕಣ್ಣು ಮುಚ್ಚಿದರು. "ಹೇಳಿದ್ಲು. ನೆನಪಾಗವಲ್ದು."

"ಯಾವಾಗ ಹೇಳಿದ್ರು? ವಿಡಿಯೋ ಮಾಡೋಕೆ ಮುಂಚೆನಾ, ಆಮೇಲಾ?"

"ಅದೂ ನೆನಪಿಲ್ರಿ."

ಇಡೀ ಜಿಲ್ಲೆಯ ಬೀಗತನ ನೆನಪಿಟ್ಟುಕೊಂಡ ಮನುಷ್ಯ ಇದೊಂದನ್ನು ಮರೆತರೋ, ಅಥವಾ ನನ್ನ ಮುಖ ನೋಡಿ ಸಮಾಧಾನಕ್ಕೆ ಒಂದು ಮಾತು ಕಟ್ಟಿದರೋ. ಗೊಬ್ಬರದಂಗಡಿಯವನಂತೂ ನಾನು ತೆಗೆದ ಆ ಮೊದಲ ವಿಡಿಯೋ ತೋರಿಸಿ, "ನನಗ ಬೈದದ್ದು ಇದು," ಎಂದು ಬಂದವರಿಗೆಲ್ಲ ಹೇಳುತ್ತಾನೆ. ನಾನು ಎದುರಾಡಿಲ್ಲ.

ರಾತ್ರಿ ಮತ್ತೆ ಆ ವಿಡಿಯೋ ಹಾಕಿದೆ. ಅವ್ವ ತಪ್ಪು ಕೈ ಎತ್ತುತ್ತಾಳೆ. ಅವಳ ಕಣ್ಣು ನೇರವಾಗಿ ಕ್ಯಾಮೆರಾದಲ್ಲಿಲ್ಲ, ಒಂದು ಬದಿಗಿದೆ. ಆ ಬದಿಗೆ ನನ್ನ ಮುಖವಿತ್ತು, ಅಥವಾ ಅವನದು. ಎಡವನ್ನು ಬಲ ಮಾಡಿ ನೋಡಿದೆ, ಮತ್ತೆ ತಿರುಗಿಸಿ ನೋಡಿದೆ. ಅವತ್ತು ನಾನು ಫೋನು ಯಾವ ಕೈಯಲ್ಲಿ ಹಿಡಿದಿದ್ದೆ, ಅವನು ಯಾವ ಮಗ್ಗುಲಲ್ಲಿ ಕೂತಿದ್ದ, ಇದು ಗೊತ್ತಾದರೆ ಆ ಮಂಗ್ಯಾ ಯಾರೆಂಬುದೂ ಗೊತ್ತಾಗುತ್ತದೆ. ಅದು ನನಗೆ ನೆನಪಿಲ್ಲ.